ಅಗ್ಘಣಿಯ ನೀರು, ಅರ್ಜಿಯ ನೀರು

ನನ್ನ ಕೈಬರಹ ಚೆಂದವಿತ್ತು. ಇದನ್ನು ನಾನೇ ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ, ಏಕೆಂದರೆ ಆ ಚೆಂದದ ಕೈಬರಹದ ದೆಸೆಯಿಂದಲೇ ನಮ್ಮೂರಿಗೆ ಬರಬೇಕಾದ ಒಳ್ಳೆಯ ನೀರು ಒಂದು ವರ್ಷ ತಡವಾಗಿ ಬಂತು. ಹೊಗಳಿಕೆ ಎಷ್ಟು ಸಿಕ್ಕಿತೋ ಬೈಗುಳವೂ ಅಷ್ಟೇ ಸಿಕ್ಕಿತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಗುಲಬರ್ಗಾದಲ್ಲಿ ಹುಟ್ಟಿ, ನಲ್ಲಿಯ ನೀರು ಕುಡಿದು, ಮ್ಯಾಟ್ರಿಕ್ ಪಾಸಾಗಿ, ಅಫಜಲಪುರ ತಾಲ್ಲೂಕಿನ ಒಂದು ಹಳ್ಳಿಗೆ ಸೊಸೆಯಾಗಿ ಬಂದೆ. ಭೀಮಾ ನದಿ ಅಲ್ಲಿಂದ ದೂರ. ಊರಿಗೆಲ್ಲ ಇದ್ದದ್ದು ಒಂದೇ ಬಾವಿ, ಮೆಟ್ಟಿಲು ಬಾವಿ. ಹಗ್ಗ ಇಲ್ಲ, ಗಾಲಿ ಇಲ್ಲ. ಇಳಿದು ಹೋಗಿ, ಕಾಲು ನೀರಿನಲ್ಲಿಟ್ಟು, ಸೆರಗು ಸಿಕ್ಕಿಸಿ ಕೊಡ ತುಂಬಿಕೊಳ್ಳಬೇಕು. ಮೊದಲ ದಿನ ನಾನು ಎರಡನೇ ಮೆಟ್ಟಿಲಲ್ಲೇ ನಿಂತುಬಿಟ್ಟೆ. ನೀರಿನಲ್ಲಿ ಹತ್ತಾರು ಹೆಂಗಸರ ಕಾಲುಗಳು. ಕೆಲವು ಕಾಲುಗಳಿಗೆ ಬಟ್ಟೆ ಕಟ್ಟಿತ್ತು. ಯಾಕೆ ಅಂತ ಕೇಳಿದೆ. "ನಾರು ಬಂದಾದ" ಅಂದರು, ನೆಗಡಿ ಬಂದಿದೆ ಅನ್ನುವ ಧಾಟಿಯಲ್ಲಿ.

ನಾರು ಅಂದರೆ ನಾರುಹುಣ್ಣು. ಈಗಿನವರಿಗೆ ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ಒಳ್ಳೆಯದು. ಕಾಲಿನಲ್ಲಿ ಒಂದು ಗುಳ್ಳೆ ಏಳುತ್ತದೆ, ಬೆಂಕಿ ಇಟ್ಟಂತೆ ಉರಿಯುತ್ತದೆ, ಒಡೆದಾಗ ಒಳಗಿನಿಂದ ದಾರದಂಥ ಹುಳ ತಲೆ ಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದು ಬೆರಳಿನಷ್ಟು ಎಳೆಯಬೇಕು. ಅವಸರ ಮಾಡಿದರೆ ಹರಿದು ಒಳಗೇ ಉಳಿದು ಕಾಲು ಬಾತು ಮಲಗಬೇಕಾಗುತ್ತದೆ. ಬೇಸಿಗೆ ಬಂತೆಂದರೆ ಊರಿನಲ್ಲಿ ಕುಂಟದವರನ್ನು ಹುಡುಕಬೇಕು. ಹೊಲ ಹಸನು ಮಾಡುವ ಹೊತ್ತಿಗೆ ಸರಿಯಾಗಿ ಗಂಡಾಳು ಹೆಣ್ಣಾಳು ಕಟ್ಟೆಯ ಮೇಲೆ ಕಾಲು ಚಾಚಿ ಕೂತಿರುತ್ತಿದ್ದರು. ನಮ್ಮತ್ತೆಗೆ ಆಗಲೇ ಮೂರು ಸಲ ಬಂದು ಹೋಗಿತ್ತು. ಗುರುತುಗಳನ್ನು ತೋರಿಸಿ, ಇದು ನಿನ್ನ ಗಂಡ ಹುಟ್ಟಿದ ವರ್ಷದ್ದು, ಇದು ಬರಗಾಲದ್ದು ಎಂದು ವಿವರಿಸುತ್ತಿದ್ದರು.

ಅತ್ತೆಯನ್ನು ಕುರಿತು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಗಟ್ಟಿ ಹೆಂಗಸು. ಹೊತ್ತು ಮೂಡುವ ಮೊದಲೇ ಸ್ನಾನ ಮಾಡಿ, ವಿಭೂತಿ ಧರಿಸಿ, ಒದ್ದೆ ಸೀರೆಯಲ್ಲೇ ಬಾವಿಗೆ ಇಳಿದು ಮೊದಲ ಕೊಡ ತುಂಬಿ ಮಠಕ್ಕೆ ಒಯ್ಯುತ್ತಿದ್ದರು. ಲಿಂಗಪೂಜೆಗೆ ಮಡಿಯಲ್ಲಿ ತರುವ ಆ ನೀರಿಗೆ ಅಗ್ಘಣಿ ಅನ್ನುತ್ತಾರೆ. ದಾರಿಯಲ್ಲಿ ಯಾರನ್ನೂ ಮುಟ್ಟುವಂತಿಲ್ಲ, ಮಾತಾಡುವಂತಿಲ್ಲ. ಮೂವತ್ತು ವರ್ಷದಿಂದ ಒಂದು ದಿನ ತಪ್ಪಿಸಿದವರಲ್ಲ. ನಾರು ಬಂದಾಗಲೂ ಕಾಲಿಗೆ ಬಟ್ಟೆ ಸುತ್ತಿಕೊಂಡು ಕುಂಟುತ್ತ ಇಳಿಯುತ್ತಿದ್ದರಂತೆ. ಇಡೀ ಊರು ಅದನ್ನು ದೊಡ್ಡ ಭಕ್ತಿ ಅಂತ ಕೊಂಡಾಡುತ್ತಿತ್ತು. ಮಠದಿಂದ ಮರಳುವಾಗ ತಂಬಿಗೆಯಲ್ಲಿ ತೀರ್ಥ ತಂದು ಮೊದಲು ಮೊಮ್ಮಗಳ ಬಾಯಿಗೆ ಹಾಕುತ್ತಿದ್ದರು, ಅಂದರೆ ನನ್ನ ಮಗಳ ಬಾಯಿಗೆ.

ಆ ನೀರಿನ ಗುಟ್ಟು ತಿಳಿಸಿದವರು ಆರೋಗ್ಯ ಇಲಾಖೆಯ ಒಬ್ಬ ಕಾರ್ಯಕರ್ತರು. ಸೈಕಲ್ ಮೇಲೆ ಬರುತ್ತಿದ್ದರು, ಡಾಕ್ಟರಲ್ಲದಿದ್ದರೂ ಊರವರು ಅವರನ್ನು ನಾರಿನ ಡಾಕ್ಟರ ಅನ್ನುತ್ತಿದ್ದರು. ನಮ್ಮ ಕಟ್ಟೆಯ ಮೇಲೆ ಕೂತು ನನಗೆ ಬಿಡಿಸಿ ಹೇಳಿದರು. ಹುಣ್ಣಾದ ಕಾಲು ನೀರಿಗೆ ಇಟ್ಟರೆ ಹುಳ ಅಲ್ಲೇ ಮರಿ ಬಿಡುತ್ತದೆ, ಆ ನೀರು ಕುಡಿದವರ ಹೊಟ್ಟೆಗೆ ಅದು ಹೋಗಿ ಮುಂದಿನ ವರ್ಷ ಅದೇ ಹೊತ್ತಿಗೆ ಕಾಲಿನಿಂದ ಹೊರಬರುತ್ತದೆ. "ಬಾಂವಿ ಮೆಟ್ಟಿಲ ಮುಚ್ಚಬೇಕ್ರಿ ತಂಗಿ, ಬೋರಿಂಗ್ ಹಾಕಿಸಬೇಕ್ರಿ. ಸರಕಾರದಾಗ ರೊಕ್ಕ ಅದ, ಆದ್ರ ಕೇಳೋ ಊರಿಗಿ ಮೊದಲ ಕೊಡ್ತಾರ" ಅಂದರು. ಆ ದಿನದಿಂದ ಮನೆಯ ನೀರನ್ನು ನಾನು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸತೊಡಗಿದೆ. ತೀರ್ಥ ಮಾತ್ರ ನನ್ನ ಕೈಯಲ್ಲಿರಲಿಲ್ಲ. ಮಗಳಿಗೆ ಆಗ ಒಂದೂವರೆ ವರ್ಷ. ಪ್ರತಿ ಮುಂಜಾನೆ ಅವಳು ಅಜ್ಜಿಯ ಮುಂದೆ ಬಾಯಿ ತೆರೆದಾಗ ನಾನು ಎದ್ದು ಒಳಗೆ ಹೋಗಿಬಿಡುತ್ತಿದ್ದೆ.

ಸರಕಾರಕ್ಕೆ ಕೇಳಬೇಕು ಅನ್ನುವ ಮಾತು ಮಠಕ್ಕೂ ಹೋಯಿತು, ಮಸೀದಿಗೂ ಹೋಯಿತು. ಮಠದ ಸ್ವಾಮಿಗಳನ್ನು ನಾವೆಲ್ಲ ಅಪ್ಪಾವ್ರು ಅನ್ನುತ್ತಿದ್ದೆವು. ಮಸೀದಿಯಲ್ಲಿ ನಮಾಜು ಮಾಡಿಸುವ ಹಿರಿಯರು ಎಲ್ಲರಿಗೂ ಮೌಲ್ವಿ ಸಾಬರು. ಮಠದ ಕಡೆಯವರು ಬಂದು, ಮಠದ ಅಂಗಳದಲ್ಲಿ ಕೈಪಂಪಿನ ಬೋರಿಂಗ್ ಬೇಕು, ಅರ್ಜಿ ಬರೆದುಕೊಡು ಎಂದರು. ಮೂರು ದಿನ ಬಿಟ್ಟು ಮಸೀದಿಯ ಕಡೆಯವರು ಬಂದರು, ನಮಾಜಿಗೆ ಮೊದಲು ಕೈಕಾಲು ತೊಳೆದು ವಜೂ ಮಾಡಲು ಸಹ ಶುದ್ಧ ನೀರಿಲ್ಲ, ಮಸೀದಿಯ ಬಾಗಿಲಲ್ಲಿ ಬೋರಿಂಗ್ ಬೇಕು ಎಂದರು. "ನಿಮ್ಮ ಅಕ್ಷರ ಮುತ್ತು ಇದ್ದಂಗ ಅದಾವ್ರಿ" ಅಂತ ಒಬ್ಬರು ಹೇಳಿದ್ದೇ ತಡ, ನಾನು ಕುರ್ಚಿ ಎಳೆದುಕೊಂಡು ಕೂತೆ. ಎರಡೂ ಅರ್ಜಿಗಳನ್ನು ನಾನೇ ಬರೆದೆ. ಒಬ್ಬರದ್ದು ಇನ್ನೊಬ್ಬರಿಗೆ ಹೇಳಲಿಲ್ಲ. ಹೇಳಬೇಕು ಅಂತ ಹೊಳೆಯಲೂ ಇಲ್ಲ. ಎರಡು ಅರ್ಜಿ ಹೋದರೆ ಎರಡು ಬೋರಿಂಗ್ ಬರುತ್ತವೆ ಎಂದು ಒಳಗೊಳಗೇ ಹಿಗ್ಗಿದ್ದೆ.

ಬಹಳ ತಿಂಗಳು ಏನೂ ಸುದ್ದಿಯಿಲ್ಲ. ಕಡೆಗೆ ನನ್ನ ಗಂಡ ಅಫಜಲಪುರದ ಸಂತೆಗೆ ಹೋದವರು ತಾಲ್ಲೂಕು ಕಚೇರಿಗೆ ಹಣಕಿ ಬಂದರು. ಎರಡೂ ಅರ್ಜಿಗಳನ್ನು ಒಂದೇ ದಾರದಲ್ಲಿ ಕಟ್ಟಿ ವಾಪಸು ಕೊಟ್ಟಿದ್ದರು. ಮೇಲೆ ಕೆಂಪು ಶಾಯಿಯಲ್ಲಿ ಷರಾ ಬರೆದಿತ್ತು. ಸ್ಥಳದ ಬಗ್ಗೆ ಗ್ರಾಮಸ್ಥರಲ್ಲಿ ತಕರಾರು ಇರುವಂತೆ ಕಾಣುತ್ತದೆ, ಇತ್ಯರ್ಥ ಮಾಡಿಕೊಂಡು ಬರುವುದು, ಎಂದು. ಅದರ ಕೆಳಗೆ ಇನ್ನೊಂದು ಸಾಲು: ಎರಡೂ ಅರ್ಜಿ ಒಬ್ಬರೇ ಬರೆದಂತಿದೆ, ವಿಚಾರಿಸುವುದು. ಗಂಡ ಆ ಕಾಗದ ನನ್ನ ಮುಂದೆ ಇಟ್ಟು ಎತ್ತಿಗೆ ನೀರು ಕುಡಿಸಲು ಹೋದರು. ಬೈದಿದ್ದರೇ ಚೆನ್ನಾಗಿತ್ತು.

ತಪ್ಪು ಒಪ್ಪಿಕೊಳ್ಳಲು ನಾನೇ ಮಠಕ್ಕೆ ಹೋದೆ. ಅಪ್ಪಾವ್ರು ಕಾಗದ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ತಂಗಿ, ನೀ ಒಬ್ಬಾಕಿನೇ ಕೂತು ಊರಾಗ ತಕರಾರ ಹಚ್ಚೀದಲ್ಲ!" ಅಂದರು. ನಾನು ಅಳುವುದೋ ನಗುವುದೋ ತಿಳಿಯದೆ ನಿಂತಿದ್ದಾಗ ಅವರು ಮರದ ಆವಿಗೆ ಮೆಟ್ಟಿ ಹೊರಟೇಬಿಟ್ಟರು. ನೆಟ್ಟಗೆ ಮಸೀದಿಗೆ. ಮೌಲ್ವಿ ಸಾಬರು ಹೊರಗಿನ ಬೇವಿನ ಗಿಡದ ಕೆಳಗೆ ಚಾಪೆ ಹಾಸಿದರು. ಇಬ್ಬರೂ ಕೂತು ಮಾತಾಡಿದ್ದು ಬಹಳ ಹೊತ್ತೇನಲ್ಲ. ಶಾಲೆಯ ಮುಂದಿನ ಬಯಲು ಆಗಬಹುದು ಅಂತ ಸೂಚಿಸಿದವರು ಮೌಲ್ವಿ ಸಾಬರು.

"ಮಠದಾಗ ಆದ್ರ ನಮ್ಮವರು ಬರಾಂಗಿಲ್ಲ, ಮಸೀದಿ ಮುಂದ ಆದ್ರ ನಿಮ್ಮವರು ಬರಾಂಗಿಲ್ಲ. ಮತ್ತ ಕೇರಿಯವರು ಎಲ್ಲಿಗೂ ಬರಾಂಗಿಲ್ರಿ ಅಪ್ಪಾವ್ರ. ಸಾಲಿ ಮುಂದ ಆದ್ರ ಎಲ್ಲರೂ ಬರ್ತಾರ" ಅಂದರು.

ಊರ ಹೊರಗಿನ ಕೇರಿಯವರಿಗೆ ಬಾವಿಯ ಮೆಟ್ಟಿಲು ಇಳಿಯುವ ಹಾಗಿರಲಿಲ್ಲ. ಯಾರಾದರೂ ಮೇಲಿನಿಂದ ಸುರಿದಾರೆಂದು ಕಾಯುತ್ತ ನಿಲ್ಲುತ್ತಿದ್ದರು. ಹಾಗೆ ಕಾದು ಪಡೆದ ನೀರಿನಲ್ಲೂ ನಾರು ಬರುತ್ತಿತ್ತು. ಅಪ್ಪಾವ್ರು, "ನಾನೇ ಹೇಳಬೇಕಾಗಿತ್ತು ಇದನ್ನ" ಅಂದರು.

ಹೊಸ ಅರ್ಜಿಯನ್ನು ಮತ್ತೆ ನಾನೇ ಬರೆದೆ, ಈ ಸಲ ಮೂರು ಸಲ ಓದಿ ಹೇಳಿದೆ. ಶುಕ್ರವಾರದ ನಮಾಜಿನ ನಂತರ ಮಸೀದಿಯಲ್ಲಿ, ಸೋಮವಾರ ಮಠದಲ್ಲಿ ಎಲ್ಲರೂ ಬಂದು ಹೆಬ್ಬೆಟ್ಟು ಒತ್ತಿದರು. ಕೇರಿಗೆ ಅಪ್ಪಾವ್ರೇ ಹೋದರು. ಕಡೆಯಲ್ಲಿ ಸಹಿ ಹಾಕುವಾಗ ನೀವು ಮೊದಲು, ನೀವು ಮೊದಲು ಎಂದು ಇಬ್ಬರೂ ಒಬ್ಬರನ್ನೊಬ್ಬರು ಒತ್ತಾಯಿಸಿ ಹೊತ್ತು ಕಳೆದರು. ನನಗೆ ರೊಟ್ಟಿ ಬಡಿಯುವ ಹೊತ್ತಾಗಿತ್ತು, "ಇಬ್ಬರೂ ಕೂಡೇ ಹಾಕ್ರಿ" ಅಂದೆ. ಹಾಗೇ ಮಾಡಿದರು. ಮೌಲ್ವಿ ಸಾಬರು ಬಲದಿಂದ ಉರ್ದುವಿನಲ್ಲಿ, ಅಪ್ಪಾವ್ರು ಎಡದಿಂದ ಕನ್ನಡದಲ್ಲಿ.

ಅರ್ಜಿಯನ್ನು ಈ ಸಲ ಟಪಾಲಿನಲ್ಲಿ ಹಾಕದೆ ಕೈಯಾರೆ ಗುಲಬರ್ಗಾದ ಜಿಲ್ಲಾ ಕಚೇರಿಗೆ ಒಯ್ಯುವುದೆಂದಾಯಿತು. ಅವರಿಬ್ಬರು, ನನ್ನ ಗಂಡ, ಮಗಳನ್ನು ಎತ್ತಿಕೊಂಡು ನಾನು. ಅಪ್ಪಾವ್ರು ಹೊರಟಿದ್ದಾರೆಂದು ಅತ್ತೆ ತಕರಾರಿಲ್ಲದೆ ನನ್ನನ್ನು ಕಳಿಸಿದರು, ಎಲ್ಲರಿಗೂ ಸಾಕಾಗುವಷ್ಟು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟರು. ಕೆಂಪು ಬಸ್ಸಿನಲ್ಲಿ ಕಂಡಕ್ಟರ್ ಸ್ವಾಮಿಗಳಿಗೆ ಮುಂದಿನ ಸೀಟು ಬಿಡಿಸಿದ. ಅವರು ಮೌಲ್ವಿ ಸಾಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡರು.

ಜಿಲ್ಲಾ ಕಚೇರಿಯ ಸಾಹೇಬರ ಕೋಣೆಯಲ್ಲಿ ಅತಿಥಿಗಳಿಗೆಂದು ಇದ್ದದ್ದು ಒಂದೇ ಕುರ್ಚಿ. ಕಾವಿ ನೋಡಿ ಸಾಹೇಬರು ಎದ್ದು ನಿಂತು ಅದನ್ನು ಮುಂದೆ ಸರಿಸಿದರು. ಅಪ್ಪಾವ್ರು ಕೂರಲಿಲ್ಲ. "ಇನ್ನೊಂದು ಬರತನಕ ನಿಂದರ್ತೇನ್ರಿ" ಅಂದರು. ಸಿಪಾಯಿ ಓಡಿಹೋಗಿ ಇನ್ನೊಂದು ತಂದ.

ಸಾಹೇಬರು ಕೆಟ್ಟವರೇನಲ್ಲ. ಕಷ್ಟ ಹೇಳಿಕೊಂಡರು. ಆಳಂದದ ಕಡೆಯಿಂದ, ಜೇವರ್ಗಿಯ ಕಡೆಯಿಂದ, ಎಲ್ಲ ಕಡೆಯಿಂದ ಅರ್ಜಿಗಳು ಬಂದು ಬಿದ್ದಿವೆ, ಅನುದಾನ ಇರುವುದು ಇಷ್ಟೇ, ನಿಮ್ಮ ಊರಿಗೇ ಮೊದಲು ಯಾಕೆ ಕೊಡಬೇಕು ಹೇಳಿ ಎಂದರು. ನಾನು ಮಾತಾಡಲು ಬಾಯಿ ತೆರೆದೆ. ಅಷ್ಟರಲ್ಲಿ ಮೌಲ್ವಿ ಸಾಬರು ಬಗ್ಗಿ ಪಾಯಿಜಾಮ ಮೇಲಕ್ಕೆ ಸರಿಸಿ ಮೊಳಕಾಲಿನ ತನಕ ತೋರಿಸಿದರು. ನಾರು ಹರಿದು ಒಳಗೇ ಉಳಿದು ಕೀವಾಗಿ ಮಾಂಸ ತೆಗೆಯಬೇಕಾಗಿ ಬಂದ ಗುರುತು ಅದು. ಅದನ್ನು ನೋಡಿದ ಅಪ್ಪಾವ್ರು ತಮ್ಮ ಕಾವಿಯನ್ನೂ ಮೇಲೆತ್ತಿದರು. ಪಾದಪೂಜೆಯಲ್ಲಿ ಬೆರಳ ತುದಿಯಷ್ಟೇ ಕಾಣುವ ಕಾಲು. ಅದರ ಮೇಲೆ ನಾಲ್ಕು ಗುರುತು. "ಸಾಹೇಬ್ರ, ನಮಗ ನಿಮ್ಮ ಮುಂದ ಹೇಳಲಾಕ ಇಷ್ಟೇ ಅದ ನೋಡ್ರಿ" ಅಂದರು. ನಾನು ಮುಖ ಆಚೆ ತಿರುಗಿಸಿದೆ. ಗುರುವಿನ ಕಾಲು ಹಾಗೆ ನೋಡುವುದು ನನ್ನಿಂದಾಗಲಿಲ್ಲ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಮೊದಲಿಗೆ ಒಂದು ಬೋರಿಂಗ್, ಅದು ಸರಿಯಾಗಿ ಬಳಕೆಯಾದರೆ ಬಾವಿಯ ಮೆಟ್ಟಿಲು ಮುಚ್ಚಲು ಹಾಗೂ ಇನ್ನೊಂದು ಬೋರಿಂಗಿಗೆ ಹಣ. ಹಾಗೆ ಮಂಜೂರಾಯಿತು.

ಮುಂದಿನ ಬೇಸಿಗೆಗೆ ಲಾರಿಯ ಮೇಲೆ ಯಂತ್ರ ಬಂತು. ಕಲ್ಲು ಕೊರೆಯುವ ಸದ್ದಿಗೆ ಎರಡು ದಿನ ಊರಿನ ನಾಯಿಗಳೆಲ್ಲ ಹೊಲದಲ್ಲೇ ಉಳಿದವು. ನೀರು ಬಿತ್ತು. ಸಿಹಿ ನೀರು. ಪಂಪು ಕೂರಿಸಲು ಮಿಸ್ತ್ರಿ ಬಂದ, ಇಡೀ ಊರು ನೋಡಲು ನೆರೆಯಿತು, ನಮ್ಮತ್ತೆ ಎಲ್ಲರಿಗಿಂತ ಮುಂದೆ. ಆ ಮಿಸ್ತ್ರಿ ಗೋಣಿಚೀಲ ಹಾಸಿ ಒಂದೊಂದೇ ಸಾಮಾನು ಇಟ್ಟುಕೊಂಡು ಎಲ್ಲದರ ಹೆಸರು ಹೇಳುತ್ತಿದ್ದ. ಒಂದು ಬಟ್ಟಲಿನಾಕಾರದ ಕಂದು ತುಂಡನ್ನು ಎಣ್ಣೆಯಲ್ಲಿ ಅದ್ದುವಾಗ ಅತ್ತೆ ಕೇಳಿದರು, "ಇದು ಎದರದೋ ಯಪ್ಪಾ?"

"ತೊಗಲಿಂದು ಅವ್ವಾ, ವಾಶರ್ ಇದು. ಇದ ಇಲ್ಲಂದ್ರ ನೀರೇ ಮ್ಯಾಲ ಬರಾಂಗಿಲ್ಲ" ಅಂದ ಆ ಪುಣ್ಯಾತ್ಮ. ಸುಮ್ಮನೆ ಇದ್ದಿದ್ದರೆ ಅವನ ಗಂಟೇನು ಹೋಗುತ್ತಿತ್ತು!

ಅತ್ತೆ ಅಲ್ಲಿಂದಲೇ ತಿರುಗಿ ಮನೆಗೆ ಬಂದರು. "ತೊಗಲಾಗ ಹಾದು ಬಂದ ನೀರು ಲಿಂಗಕ್ಕ ನಡ್ಯಾಂಗಿಲ್ಲ, ಲಿಂಗಕ್ಕ ನಡೀಲಾರದ್ದು ನಮ್ಮ ಬಾಯಿಗೂ ನಡ್ಯಾಂಗಿಲ್ಲ" ಅಂದರು. ಅಗ್ಘಣಿ ತರುವವರೇ ಹಾಗಂದ ಮೇಲೆ ಲಿಂಗಾಯತರ ಓಣಿಯ ಹೆಂಗಸರೆಲ್ಲ ಮತ್ತೆ ಕೊಡ ಹಿಡಿದು ಮೆಟ್ಟಿಲು ಇಳಿದರು. ಕೇರಿಯವರು, ಸಾಬರ ಓಣಿಯವರು ಬೋರಿಂಗಿನಲ್ಲಿ ತುಂಬಿಕೊಂಡರು. ಅರ್ಧ ಊರಿಗೆ ಒಳ್ಳೆಯ ನೀರು, ಇನ್ನರ್ಧಕ್ಕೆ ನಾರಿನ ನೀರು. ಅಪ್ಪಾವ್ರು ಆಗ ಬೇರೆ ಊರಿಗೆ ಹೋಗಿದ್ದರು. ಒಂದು ತಿಂಗಳಿಗೆ ಜಿಲ್ಲಾ ಕಚೇರಿಯ ಓವರ್‌ಸಿಯರ್ ಬಂದು ನೋಡಿ ತಲೆಯಾಡಿಸಿದ. "ಹಿಂಗಾದ್ರ ಬಳಕೆ ಇಲ್ಲಂತ ರಿಪೋರ್ಟ್ ಬರೀಬೇಕಾಗ್ತದ. ಮೆಟ್ಟಿಲ ಮುಚ್ಚೋ ರೊಕ್ಕ ಬ್ಯಾರೆ ಊರಿಗಿ ಹೋಗ್ತದ್ರಿ" ಎಂದು ಹೇಳಿ ಹೋದ.

ಆ ಸಂಜೆ ನಾನು ಆಡಿದ ಮಾತು ಬರೆಯಲು ಈಗಲೂ ಕೈ ತಡೆಯುತ್ತದೆ. ಮಗಳಿಗೆ ಆಗ ಮೂರು ವರ್ಷ ತುಂಬಿತ್ತು, ಓಡಾಡುತ್ತಿದ್ದಳು. ಅತ್ತೆ ಉಳಿದ ತೀರ್ಥವನ್ನು ಅವಳ ಬಾಯಿಗೆ ಹಿಡಿದಿದ್ದರು. ನಾನು ಮಗಳನ್ನು ಕಸಿದುಕೊಂಡೆ. "ತೊಗಲಂತ ತೊಗಲು! ನಾರು ಬಂದ ಕಾಲಿಟ್ಟು ಮೂವತ್ತ ವರ್ಷ ಆ ಬಾಂವಿಗಿ ಇಳದವರು ಯಾರು? ಊರಿಗೆಲ್ಲಾ ನಾರು ಕುಡಿಸಿದವರು ನೀವೇ ಇದ್ದೀರಿ ಅತ್ತೀ. ಅಪ್ಪಾವ್ರ ಕಾಲಾಗಿನ ಗುರುತು ಸೈತ ನಿಮ್ಮವೇ ಇರಬೇಕು" ಅಂದೆ.

ನಮ್ಮತ್ತೆ ಒಂದಕ್ಕೆ ಹತ್ತು ಮಾತಾಡುವವರು. ಅವತ್ತು ತಂಬಿಗೆಯನ್ನು ಕೆಳಗಿಟ್ಟು ತಮ್ಮ ಕಾಲು ನೋಡಿಕೊಂಡರು. ನಾನು ಹೇಳಿದ್ದು ಪೂರಾ ಸರಿಯೂ ಅಲ್ಲ, ಊರಿನವರೆಲ್ಲ ಅದೇ ಕಾಲುಗಳಲ್ಲಿ ಇಳಿದವರೇ. ಅಷ್ಟು ಹೇಳಿ ಸಮಾಧಾನ ಮಾಡಬೇಕೆಂದು ಬಾಯಿಗೆ ಬಂತು, ಆಡಲಿಲ್ಲ.

ಮರುದಿನ ಮುಂಜಾನೆ ಅತ್ತೆ ಸ್ನಾನ ಮಾಡಿ ಒದ್ದೆ ಸೀರೆಯಲ್ಲಿ ಗೋಡೆಗೆ ಒರಗಿ ಕೂತರು. ಅಗ್ಘಣಿಯ ಕೊಡ ಬರಿದಾಗಿ ಪಕ್ಕದಲ್ಲಿತ್ತು. ಹಿಂದಿನ ದಿನವಷ್ಟೇ ಊರಿಗೆ ಮರಳಿದ್ದ ಅಪ್ಪಾವ್ರು ಸ್ವಲ್ಪ ಹೊತ್ತು ಕಾದು, ನಮ್ಮತ್ತೆಗೆ ಏನಾಯಿತೋ ಎಂದು ಗಾಬರಿಯಾಗಿ ಮನೆಗೇ ಬಂದರು. ಅತ್ತೆ ಎದ್ದು ನಿಲ್ಲಲಿಲ್ಲ, ಕಾಲನ್ನು ಸೀರೆಯಲ್ಲಿ ಮುಚ್ಚಿಕೊಂಡರು.

"ಯಪ್ಪಾ, ನನ್ನ ಕಾಲಿಂದ ನಿಮ್ಮ ಲಿಂಗದ ನೀರು ಕೆಟ್ಟಾವಂತ. ನಾ ಇನ್ನ ಆ ಬಾಂವಿಗಿ ಇಳ್ಯಾಂಗಿಲ್ಲ. ಬೋರಿಂಗಿಂದು ತರೋಣಂದ್ರ ಅದರಾಗ ತೊಗಲ ಅದ. ನನ್ನ ಸೇವಾ ಮುಗೀತು" ಅಂದರು.

ನಾನು ಒಳಗೆ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದೆ. ಅಪ್ಪಾವ್ರು ನಮ್ಮ ಕಟ್ಟೆಯ ಮೇಲೆ ಕೂತರು. ಉಪದೇಶ ಮಾಡುತ್ತಾರೆ ಅಂದುಕೊಂಡೆ. ಅವರು ಎಡಗೈ ಚಾಚಿ, ಬಲಗೈಯಿಂದ ಅದರ ಹಿಂಬದಿಯ ಚರ್ಮವನ್ನು ಚಿವುಟಿ ಎತ್ತಿ ತೋರಿಸಿದರು.

"ಇದು ಎದರದವ್ವಾ? ತೊಗಲಿಂದಲ್ಲಾ? ದಿನಾ ಇದೇ ತೊಗಲಿನ ಕೈಮ್ಯಾಲ ಲಿಂಗ ಇಟ್ಟು ಪೂಜಾ ಮಾಡ್ತೇನಿ. ಲಿಂಗ ಒಂದಿನಾನೂ ಬ್ಯಾಡ ಅಂದಿಲ್ಲ. ನೀ ತರ್ತಿ ಅಂದ್ರ ಪೂಜಾ ಆಗ್ತದ. ಇಲ್ಲಂದ್ರ ನಾ ಹಿಂಗೇ ಕುಂಡರ್ತೇನಿ, ಲಿಂಗಾನೂ ಕುಂಡರ್ತದ. ನಮಗೇನ ಅವಸರಿಲ್ಲ."

ಪೂಜೆಯಿಲ್ಲದೆ ಅವರು ಹನಿ ನೀರು ಮುಟ್ಟುವವರಲ್ಲ. ಬಿಸಿಲು ಕಟ್ಟೆಗೆ ಬಂತು, ಅವರು ಕದಲಲಿಲ್ಲ. ಅತ್ತೆ ಸಹಿಸಿದಷ್ಟು ಸಹಿಸಿ, ಕೊಡ ಸೊಂಟಕ್ಕೇರಿಸಿ ಎದ್ದರು. ನಾನು ಹಿಂದೆ ಹೋದೆ. ಬೋರಿಂಗಿನ ಮುಂದೆ ಹೋದ ಮೇಲೆ ಇನ್ನೊಂದು ಪೇಚು. ಮಡಿಯಲ್ಲಿ ಇರುವವರು ಊರೆಲ್ಲ ಮುಟ್ಟಿದ ಹಿಡಿಕೆ ಹಿಡಿಯುವಂತಿಲ್ಲ, ಹಿಡಿಯದೆ ನೀರು ಬರುವಂತಿಲ್ಲ. ಅಲ್ಲಿ ಪಾಳಿಯಲ್ಲಿ ನಿಂತಿದ್ದ ಮೌಲ್ವಿ ಸಾಬರ ಹೆಂಡತಿ ತಮ್ಮ ಕೊಡ ಪಕ್ಕಕ್ಕಿಟ್ಟು, "ನೀವು ಕೊಡ ಹಿಡೀರಿ ಅಕ್ಕಾ, ನಾ ಹೊಡೀತೇನಿ" ಅಂದರು. ಹೊಡೆದರು. ಅತ್ತೆ ಯಾರನ್ನೂ ಮುಟ್ಟದೆ, ಮಾತಾಡದೆ ಕೊಡ ತುಂಬಿಕೊಂಡು ಮಠದ ದಾರಿ ಹಿಡಿದರು. ಹಿಂತಿರುಗುವಾಗ ಮಡಿ ಮುಗಿದಿತ್ತು. ಬೋರಿಂಗಿನ ಹತ್ತಿರ ನಿಂತು, "ಬೀಬೀ, ನಾಳಿಗಿನೂ ಇದೇ ಹೊತ್ತಿಗಿ ಬರ್ತಿಯೇನ?" ಎಂದು ಕೇಳಿದರು. ಎಷ್ಟೋ ವರ್ಷ ಹಾಗೇ ನಡೆಯಿತು. ಮರುವಾರಕ್ಕೆಲ್ಲ ನಮ್ಮ ಓಣಿಯ ಕೊಡಗಳೂ ಅಲ್ಲೇ ಬಂದು ಸೇರಿದವು. ಓವರ್‌ಸಿಯರ್ ಒಳ್ಳೆಯ ರಿಪೋರ್ಟ್ ಬರೆದ, ಬಾವಿಯ ಮೆಟ್ಟಿಲಿಗೆ ಗೋಡೆ ಬಂತು. ಆ ಅರ್ಜಿಯ ನಕಲು ಕೇಳಿಕೊಂಡು ಆಳಂದ, ಜೇವರ್ಗಿ ತಾಲ್ಲೂಕಿನ ಹಳ್ಳಿಗಳಿಂದಲೂ ಮಠದವರು, ಮಸೀದಿಯವರು ಕೂಡಿ ಬರತೊಡಗಿದರು. ಬರೆದುಕೊಟ್ಟೆ. ಪ್ರತಿ ಸಲ ಮೊದಲು ಕೇಳುತ್ತಿದ್ದದ್ದು, ಜಾಗ ಒಂದೇ ತಾನೇ?

ಆದರೆ ನನಗಿನ್ನೂ ಒಂದು ವರ್ಷದ ಕಾಯುವಿಕೆ ಉಳಿದಿತ್ತು. ಅಲ್ಲಿಯ ತನಕ ಕುಡಿದ ಬಾವಿಯ ತೀರ್ಥ ಮಗಳ ಹೊಟ್ಟೆಯಲ್ಲಿತ್ತಲ್ಲ. ನಾನು ಅತ್ತೆಯ ಹತ್ತಿರ ಆ ಮಾತು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ದಿನಾ ದೀಪ ಹಚ್ಚುವ ಹೊತ್ತಿಗೆ ಮೊಮ್ಮಗಳ ಕಾಲು ತೊಳೆಯುವುದನ್ನು ಅವರು ತಾವೇ ವಹಿಸಿಕೊಂಡರು. ತೊಳೆದು, ಒರೆಸಿ, ಹೆಬ್ಬೆರಳಿನಿಂದ ಹಿಮ್ಮಡಿ, ಮೀನಖಂಡ, ಮೊಳಕಾಲು ಎಲ್ಲ ಒತ್ತಿ ಒತ್ತಿ ನೋಡುತ್ತಿದ್ದರು. ಕಚಗುಳಿಯಾಗಿ ಅವಳು ನಗುತ್ತಿದ್ದಳು. ಅವರು ನಗುತ್ತಿರಲಿಲ್ಲ.

ಮತ್ತೆ ಬೇಸಿಗೆ ಬಂತು. ಊರಿನಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ ಕಾಣಿಸಿದವು, ಹಿಂದಿನ ಸಾಲಿನ ಲೆಕ್ಕ. ನನಗೆ ಊಟ ಸೇರುತ್ತಿರಲಿಲ್ಲ. ಬೇಸಿಗೆ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಅತ್ತೆ ಪಡಸಾಲೆಯಿಂದ ಜೋರಾಗಿ ಕೂಗಿದರು. ಹಿಟ್ಟಿನ ಕೈಯಲ್ಲೇ ಓಡಿ ಬಂದೆ. ಅವರು ತಮ್ಮ ಎಡಗಾಲಿನ ಗುಳ್ಳೆ ತೋರಿಸುತ್ತ ನಗುತ್ತಿದ್ದರು, ಕಣ್ಣಿನಲ್ಲಿ ನೀರು ಹರಿಯುವ ಹಾಗೆ ನಗುತ್ತಿದ್ದರು. "ನಂದಬೇ! ಕೂಸಿಂದಲ್ಲ, ನಂದು!"

ನಾನು ಅಲ್ಲೇ ಕೂತು ಅವರ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ. ಅವತ್ತಿನ ಮಾತಿಗೆ ಕ್ಷಮೆ ಕೇಳಿದೆ. "ನೀ ಅಂದಿದ್ದು ಖರೇನೇ ಇತ್ತು. ಇನ್ನೊಂದೀಟು ಸಾವಕಾಶ ಅನಬೇಕಾಗಿತ್ತು, ಅಷ್ಟೇ" ಅಂದರು. ಹುಳ ಪೂರ್ತಿ ಹೊರಬರುವ ತನಕ ಅವರು ಹೊಸಿಲು ದಾಟಲಿಲ್ಲ. ಅಷ್ಟು ದಿನ ಅಗ್ಘಣಿಯನ್ನು ನನ್ನಿಂದ ತರಿಸಿದರು.

ಸೈಕಲ್ಲಿನ ಕಾರ್ಯಕರ್ತರು ಬಂದು ಕಾಲು ನೋಡಿ, ನಾರು ಬಂದವರ ಹೆಸರು ಬರೆಯುವ ದೊಡ್ಡ ಪುಸ್ತಕ ತೆರೆದರು. ಅತ್ತೆ ಅವರ ಪೆನ್ನಿನ ಮೇಲೆ ಬೆರಳಿಟ್ಟು ತಡೆದರು. "ನಂದ ಕಡೀದು ಅಂತ ಬರಕೋ."

"ಅದನ್ನ ನಾ ಹೆಂಗ ಬರೀಲ್ರಿ ಅವ್ವಾ? ಮುಂದಿಂದು ಯಾರಿಗಿ ಗೊತ್ತು?"

"ನನಗ ಗೊತ್ತದ. ನೀ ಬರಿ."

ಅವರು ಹೆಸರು ಮಾತ್ರ ಬರೆದುಕೊಂಡು ಹೋದರು. ಮರುವರ್ಷ ಬೇಸಿಗೆಯಲ್ಲಿ ಬಂದು ಮನೆ ಮನೆ ತಿರುಗಿದರು. ಅದರ ಮುಂದಿನ ವರ್ಷವೂ ಬಂದರು. ಆ ಸಲ ನಮ್ಮ ಕಟ್ಟೆಯ ಮೇಲೆ ಕೂತು, ಮಜ್ಜಿಗೆ ಕುಡಿದು, ಪುಸ್ತಕ ತೆರೆದು ನನಗೆ ತೋರಿಸಿದರು. ನಮ್ಮೂರಿನ ಪುಟದಲ್ಲಿ ಕಡೆಯ ಹೆಸರು ನಮ್ಮತ್ತೆಯದು. ಅದರ ಕೆಳಗೆ ಕಾಗದ ಖಾಲಿ ಇತ್ತು.